ಅರ್ಜಿ ಸಿಸ್ಟರ್

ಗಂಡ ಕೆಂಪು ಪೆನ್ಸಿಲ್ ಹಿಡಿದು ಕೂತಿದ್ದ. ನಿವೃತ್ತನಾಗಿ ಒಂಬತ್ತು ವರ್ಷವಾದರೂ ಮೇಷ್ಟ್ರ ಕೈ ಆ ಪೆನ್ಸಿಲ್ಲನ್ನು ಬಿಟ್ಟಿರಲಿಲ್ಲ. ಬೆಳಗಿನ ಪೇಪರಿನಲ್ಲಿ ಎಲ್ಲೋ ಒಂದು ಒತ್ತಕ್ಷರ ತಪ್ಪಿದ್ದರೆ ಅದಕ್ಕೆ ಸುತ್ತು ಹಾಕದೆ ಚಹಾ ಗಂಟಲಿಗಿಳಿಯುತ್ತಿರಲಿಲ್ಲ. ಇವತ್ತು ಅವನ ಮುಂದಿದ್ದದ್ದು ಪೇಪರಲ್ಲ, ಹೆಂಡತಿ ಕೆಲಸ ಮಾಡುವ ಸರ್ಕಾರಿ ಆಸ್ಪತ್ರೆಯನ್ನು ಕಂಪನಿಯೊಂದಕ್ಕೆ ವಹಿಸಿಕೊಡುವ ಬಗ್ಗೆ ಸರ್ಕಾರ ಅಚ್ಚು ಹಾಕಿಸಿದ ವರದಿ. ನಲವತ್ತೇಳನೆಯ ಪುಟದಲ್ಲಿ ಪೆನ್ಸಿಲ್ ನಿಂತಿತ್ತು, ತಪ್ಪು ಸಿಕ್ಕಿದ್ದಕ್ಕಲ್ಲ. "‘ಈ ವಾರ್ಡು ಆಸ್ಪತ್ರೆ ಎಂಬ ಹೆಸರಿಗೇ ಕಳಂಕ.’ ನೋಡು, ಇದು ನಾನು ಹಾಕಿಕೊಟ್ಟ ವಾಕ್ಯ. ನೀನು ಬರೆದಿದ್ದು ‘ವಾರ್ಡಿನ ಸ್ಥಿತಿ ಸರಿಯಿಲ್ಲ’ ಅಂತ. ಸರಿಯಿಲ್ಲ ಅಂದಿದ್ದರೆ ಯಾರು ಅಚ್ಚು ಹಾಕ್ತಿದ್ರು ಹೇಳು?" ಅವನ ದನಿಯಲ್ಲಿ ಹುಸಿಯಿರಲಿಲ್ಲ, ಕುಹಕವೂ ಇರಲಿಲ್ಲ. ಜೀವಮಾನವಿಡೀ ಬೇರೆಯವರ ಮಕ್ಕಳ ವಾಕ್ಯ ತಿದ್ದಿದ ಮನುಷ್ಯನ ಒಂದು ವಾಕ್ಯ ಅಚ್ಚಾಗಿತ್ತು, ಅಷ್ಟೇ. ಅದು ಅವಳಿಗೆ ಅರ್ಥವಾಗುತ್ತಿತ್ತು. ಅರ್ಥವಾದ್ದರಿಂದಲೇ ಆ ಪೆನ್ಸಿಲ್ಲನ್ನು ಕಿತ್ತು ಮುರಿಯಬೇಕೆನಿಸಿತು.

ಕನ್ನಡಿಯ ಮುಂದೆ ನಿಂತು ಅವಳು ಸಮವಸ್ತ್ರದ ಗುಂಡಿ ಹಾಕಿಕೊಂಡಳು. ಹಸುಗೂಸುಗಳ ವಾರ್ಡಿನ ಮುಖ್ಯ ನರ್ಸ್ ಆಗಿ ಅವಳು ಬರೆದದ್ದು ಮೂವತ್ತೊಂದು ಪತ್ರ. ಕೂಸಿನ ಗಂಟಲ ಲೋಳೆ ಎಳೆಯುವ ಸಕ್ಷನ್ ಯಂತ್ರ ಕೆಟ್ಟಿದೆ ಎಂದೊಂದು, ನಲ್ಲಿಯಲ್ಲಿ ತುಕ್ಕಿನ ನೀರು ಬರುತ್ತಿದೆ ಎಂದೊಂದು, ತಣ್ಣಗಾಗುವ ಮಕ್ಕಳನ್ನು ಕಾಪಾಡುವ ವಾರ್ಮರ್ ನಿಂತುಹೋಗಿದೆ ಎಂದು ಐದು. ಯಾವುದಕ್ಕೂ ಉತ್ತರವಿಲ್ಲ. ಬರೆದು ಬರೆದು ಅವಳಿಗೆ ‘ಅರ್ಜಿ ಸಿಸ್ಟರ್’ ಎಂದು ಹೆಸರು ಬಿದ್ದಿತ್ತು, ಆಗ ಅದರಲ್ಲಿ ಒಂದಿಷ್ಟು ಅಕ್ಕರೆಯೂ ಇತ್ತು. ಏನಾದರೂ ಒಡೆದರೆ "ಅರ್ಜಿ ಸಿಸ್ಟರ್‌ಗೆ ಹೇಳ್ರೋ, ಅವರ ಪೆನ್ನಿಗೆ ಹಸಿವಾಗಿರುತ್ತೆ" ಎಂದು ನಗುತ್ತಿದ್ದರು. ಪತ್ರಗಳು ಸೂಪರಿಂಟೆಂಡೆಂಟರ ಮೇಜಿನ ಖಾನೆಯಲ್ಲಿ ಒಂದರ ಮೇಲೊಂದು ಮಲಗಿದ್ದವು, ಮೊನ್ನೆ ಮೊನ್ನೆ ಕಂಪನಿಯವರು ಬಂದು ಖಾನೆ ಎಳೆಯುವವರೆಗೆ. ಒಂಬತ್ತು ವರ್ಷ ಯಾರೂ ಓದದ ಕಾಗದವನ್ನು ಅವರು ಒಂದು ವಾರದಲ್ಲಿ ಓದಿದರು. ಓದುವವರು ಸಿಕ್ಕಿದರಲ್ಲಾ ಎಂದು ಒಂದು ಗಳಿಗೆ ಅವಳ ಒಳಗೆ ಹಿಗ್ಗಿದ್ದೂ ನಿಜ. ಆ ಹಿಗ್ಗನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

"ಸಭೆ ಎಷ್ಟು ಗಂಟೆಗೆ? ನಾನೂ ಬರಲಾ?" ಎಂದ ಗಂಡ.

"ಬೇಡಿ."

"ಯಾಕೆ? ಜನರ ಅಭಿಪ್ರಾಯ ಕೇಳೋ ಸಭೆ ಅಲ್ವಾ? ನಾನೂ ಜನಾನೇ."

"ನೀವು ಬಂದ್ರೆ ಅಲ್ಲೂ ವ್ಯಾಕರಣ ತಿದ್ತೀರಿ," ಎಂದು ಚಪ್ಪಲಿ ಮೆಟ್ಟಿದಳು.

ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ಕುರ್ಚಿಯಿಂದ ಏಳಲಿಲ್ಲ. ದಿನವೂ ಏಳುತ್ತಿದ್ದವನಲ್ಲ, ಬೆನ್ನನ್ನು ಕುರ್ಚಿಯಿಂದ ಒಂದು ಗೇಣು ಸರಿಸುತ್ತಿದ್ದ. ಆ ಗೇಣೂ ಹತ್ತು ದಿನದಿಂದ ನಿಂತುಹೋಗಿತ್ತು. ಹೊರರೋಗಿಗಳ ಸಾಲು ಎಂದಿನಂತೆ ಬಾಗಿಲು ದಾಟಿ ಬಿಸಿಲಿಗೆ ಬಂದಿತ್ತು. ಸಾಲಿನ ಪಕ್ಕದ ಗೋಡೆಗೆ ಕಂಪನಿಯವರು ಹೊಸ ಚಿತ್ರ ಅಂಟಿಸಿದ್ದರು: ಹಾಲಿನಷ್ಟು ಬೆಳ್ಳಗಿನ ಕೋಣೆ, ನಗುವ ತಾಯಿ, ನಗುವ ನರ್ಸ್, ನಗುವ ಮಗು. ಹುಟ್ಟಿ ಮೂರು ದಿನದ ಮಗು ನಗುವುದಿಲ್ಲ ಎಂಬುದು ಇವರಿಗೆ ಗೊತ್ತಿಲ್ಲ, ಅಂದುಕೊಂಡಳು. ಮಗುವನ್ನು ನೋಡದವರು ಮಗುವಿನ ವಾರ್ಡು ನಡೆಸಲು ಬರುತ್ತಿದ್ದಾರೆ. ಮರುಕ್ಷಣವೇ, ನೋಡಿದವರು ನಡೆಸಿದ್ದು ಹೇಗಿತ್ತು ಎಂದು ಬೇರೆ ಯಾರೋ ಅವಳ ತಲೆಯೊಳಗೇ ಕೇಳಿದರು. ಬಟ್ಟೆ ಬದಲಿಸುವ ಕೋಣೆಗೆ ಕಾಲಿಟ್ಟಾಗ ಅಲ್ಲಿದ್ದ ನರ್ಸ್‌ಗಳ ಮಾತು ನಿಂತಿತು. ಅವಳ ಕಪಾಟಿನ ಬಾಗಿಲಿಗೆ ನಲವತ್ತೇಳನೆಯ ಪುಟವನ್ನು ಯಾರೋ ಅಂಟಿಸಿದ್ದರು. ನಿನ್ನೆ ಕಿತ್ತಿದ್ದಳು, ಇವತ್ತು ಇನ್ನೊಂದು. ಪ್ರತಿಗಳಿಗೇನು ಬರವೇ. ಒಬ್ಬಳು ಚಿಕ್ಕ ನರ್ಸ್ ಗೋಡೆಯ ಕಡೆ ತಿರುಗಿ ಕೂದಲು ಕಟ್ಟುತ್ತ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಬರೆ ಕಾಯಿಸಿ ಕೊಟ್ಟವರು ಯಾರೋ," ಎಂದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಅಂಟಿಸಿದ ಹಾಳೆಯಲ್ಲಿ ಕೆಳಗಿನ ಸಾಲಿಗೆ ಗೆರೆ ಎಳೆದಿದ್ದರು. ಅವಳಿಗೆ ಅದು ಬಾಯಿಪಾಠ. ‘...ಮಧ್ಯಾಹ್ನದ ಪಾಳಿಯ ಆಯಾ ಕರ್ತವ್ಯದ ವೇಳೆ ನಿದ್ರಿಸಿದ್ದರಿಂದ ಮೂರು ದಿನದ ಹೆಣ್ಣು ಶಿಶುವಿನ ಬಲಗೈ ಸುಟ್ಟಿರುತ್ತದೆ.’ ಅವಳು ಬರೆದಾಗ ಆ ವಾಕ್ಯಕ್ಕೆ ಒಂದು ತಲೆಯಿತ್ತು: ‘ವಾರ್ಮರ್ ಎರಡು ತಿಂಗಳಿಂದ ಕೆಟ್ಟಿರುವ ಕಾರಣ ಬಿಸಿನೀರಿನ ಚೀಲಗಳನ್ನು ಮಕ್ಕಳ ಪಕ್ಕದಲ್ಲಿಡಬೇಕಾಗಿ ಬಂದು’ ಎಂದು. ವರದಿ ಮಾಡಿದವರು ಆ ತಲೆಯನ್ನು ಕತ್ತರಿಸಿ ಮೂರು ಚುಕ್ಕಿ ಇಟ್ಟಿದ್ದರು. ಮೂರು ಚುಕ್ಕಿಯೊಳಗೆ ಎರಡು ತಿಂಗಳು ಹೂತಿದ್ದರು. ಆ ಚುಕ್ಕಿಗಳನ್ನು ಕಂಡಾಗೆಲ್ಲ ಅವಳಿಗೆ ಮೈ ಉರಿಯುತ್ತಿತ್ತು, ಉರಿದು ಆರುವ ಹೊತ್ತಿಗೆ ಇನ್ನೊಂದು ನೆನಪಾಗುತ್ತಿತ್ತು: ಅವಳೂ ಒಂದು ಮಾತು ಕತ್ತರಿಸಿದ್ದಳು. ಚುಕ್ಕಿಯನ್ನೂ ಇಟ್ಟಿರಲಿಲ್ಲ.

ವಾರ್ಡಿನಲ್ಲಿ ಆಯಾ ಕಡ್ಡಿಯಮ್ಮ ಒಂದು ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಮೈಯೂ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ. ಹೆಸರು ಯಾರಿಟ್ಟರೋ, ಮೂವತ್ತಾರು ವರ್ಷದಿಂದ ಅದೇ. ಎಡ ಮುಂಗೈಯ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು ಬಲಗೈಯಿಂದ ನೀರೆತ್ತಿ ಹಾಕುವಾಗ ಎಂಥ ಹಟದ ಕೂಸೂ ಸುಮ್ಮನಾಗುತ್ತಿತ್ತು. ಈ ಕೈಯನ್ನು ನೋಡಿಯೇ ಅವಳೂ ಕೆಲಸ ಕಲಿತದ್ದು. ನರ್ಸಿಂಗ್ ಶಾಲೆಯಲ್ಲಿ ಕೊಟ್ಟದ್ದು ಪ್ರಮಾಣಪತ್ರ ಮಾತ್ರ. "ಆರನೇ ಹಾಸಿಗೆ ಕೂಸಿನ ಹೊಕ್ಕಳು ನೋಡಿದ್ಯಾ?" ಎಂದು ಕೇಳಿದಳು. "ಹೂಂ" ಎಂದಳು ಕಡ್ಡಿಯಮ್ಮ, ತಲೆ ಎತ್ತದೆ. ಹತ್ತು ದಿನದಿಂದ ಅವರಿಬ್ಬರ ನಡುವೆ ಇದ್ದದ್ದು ಈ ‘ಹೂಂ’ ಒಂದೇ. ಕಡ್ಡಿಯಮ್ಮನಿಗೆ ಓದು ಬಾರದು. ಆಯಾಗಳ ಕೋಣೆಯಲ್ಲಿ ಯಾರೋ ಆ ಪುಟವನ್ನು ಗಟ್ಟಿಯಾಗಿ ಓದಿದಾಗ ಹನ್ನೊಂದು ಜನ ಆಯಾಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ನಿದ್ದೆ ಮಾಡಿದವಳು ಯಾರು ಎಂದು ಅಂದಿನಿಂದ ಒಳಜಗಳ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರಂತೆ. ಕಡ್ಡಿಯಮ್ಮ ಮುಟ್ಟಿಕೊಳ್ಳಲಿಲ್ಲ, ಸುಮ್ಮನೆ ಬಟ್ಟೆ ಮಡಚುತ್ತ ಕೂತಿದ್ದಳಂತೆ. ಆ ಪತ್ರ ಇದೆಯೆಂಬುದೇ ಅವಳಿಗೆ ಒಂಬತ್ತು ವರ್ಷ ಗೊತ್ತಿರಲಿಲ್ಲ. ಯಾವ ಆಯಾ ಎಂದು ಬಲ್ಲವರು ಈಗ ಇಬ್ಬರೇ. ಆ ಇಬ್ಬರೂ ಒಂದು ಮಗುವಿನ ಹೊಕ್ಕಳಿನ ಬಗ್ಗೆ ಮಾತಾಡುತ್ತಿದ್ದರು.

ಒಂಬತ್ತು ವರ್ಷದ ಹಿಂದೆ, ಕೂಸಿನ ಕೈ ಸುಟ್ಟ ದಿನ, ಶಾಲೆಯಲ್ಲಿ ಗಂಡನ ಬೀಳ್ಕೊಡುಗೆ. ಬದಲಿ ಆಯಾ ಬಂದಿರಲಿಲ್ಲ, ಇನ್ನೊಬ್ಬಳಿಗೆ ಜ್ವರ; ಕಡ್ಡಿಯಮ್ಮ ಹಿಂದಿನ ಮಧ್ಯಾಹ್ನ ಎರಡಕ್ಕೆ ಬಂದವಳು ರಾತ್ರಿಯನ್ನೂ ಬೆಳಗನ್ನೂ ಮುಗಿಸಿ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದಳು. "ಇವತ್ತೊಂದು ದಿನ. ನನ್ನಾಣೆ. ಮೇಷ್ಟ್ರ ಫಂಕ್ಷನ್ನು, ನಾನು ಈಗ ಹೋಗಲೇಬೇಕು," ಎಂದು ಅವಳ ಹೆಗಲಿನಿಂದ ಚೀಲವನ್ನು ತಾನೇ ಇಳಿಸಿದ್ದಳು. ಚೀಲದ ಹಿಡಿ ಬೆವರಿನಿಂದ ಒದ್ದೆಯಾಗಿತ್ತು, ಅದು ಈಗಲೂ ಅಂಗೈಗೆ ನೆನಪಿದೆ. ಶಾಲೆಯ ಸಭಾಂಗಣದ ಮುಂದಿನ ಸಾಲಿನಲ್ಲಿ ಕೂತು, ಒಂದು ಅಲ್ಪವಿರಾಮ ತಪ್ಪಿದರೆ ಅರ್ಥ ಹೇಗೆ ಕೆಡುತ್ತದೆ ಎಂದು ಗಂಡ ಭಾಷಣ ಮಾಡುವುದನ್ನು ಕೇಳುತ್ತಿದ್ದಾಗ ಗಂಟೆ ಮೂರು. ಅದೇ ಮೂರಕ್ಕೆ ಇಲ್ಲಿ, ಗೋಡೆಗೊರಗಿದ ಕಡ್ಡಿಯಮ್ಮನ ತಲೆ ಎದೆಗಿಳಿದಿತ್ತು, ಬಿಸಿನೀರಿನ ಚೀಲದ ಸುತ್ತಿನ ಬಟ್ಟೆ ಜಾರಿತ್ತು, ಒಂದು ಪುಟ್ಟ ಕೈ ಅದರ ಕೆಳಗಿತ್ತು. ಮಾರನೆಯ ದಿನ ಸೂಪರಿಂಟೆಂಡೆಂಟರು ಎಲ್ಲರ ಮುಂದೆ, "ನೀವು ಹಾರ ಹಾಕಿಸಿಕೊಳ್ಳೋಕೆ ಹೋಗಿದ್ರಾ?" ಎಂದು ಕೇಳಿದರು. ಆ ಮಾತಿಗೆ ಕಿವಿಯವರೆಗೆ ಕೆಂಪಾಗಿ, ಆ ಸಂಜೆಯೇ ಪತ್ರ ಬರೆಯಲು ಕೂತಳು. ಇಪ್ಪತ್ತೈದು ಗಂಟೆ ಎಂದು ಬರೆಯಬೇಕಿತ್ತು. ನಿಲ್ಲಿಸಿದವಳು ನಾನು ಎಂದು ಬರೆಯಬೇಕಿತ್ತು. ಪೆನ್ನು ಆ ಜಾಗವನ್ನು ತಾನೇ ದಾಟಿಕೊಂಡಂತೆ ಮುಂದೆ ಹೋಯಿತು. ಗಂಡ ಓದಿ, ‘ಮಲಗಿದ್ದರಿಂದ’ ಎಂದಿದ್ದದ್ದನ್ನು ‘ನಿದ್ರಿಸಿದ್ದರಿಂದ’ ಎಂದು ತಿದ್ದಿದ.

ಸಭೆಗೆ ಮೊದಲು ಸೂಪರಿಂಟೆಂಡೆಂಟರು ಕರೆಸಿದರು. ಖಾನೆಯನ್ನು ಒಂಬತ್ತು ವರ್ಷ ಮುಚ್ಚಿಟ್ಟುಕೊಂಡಿದ್ದ ಈ ಮನುಷ್ಯ ಈಗ ಅವಳನ್ನೇ ಅಪರಾಧಿಯಂತೆ ನೋಡುತ್ತಿದ್ದರು. "ಬರೆದು ಬರೆದು ನನ್ನ ಮನೆ ತೊಳೆದ್ರಿ. ಇವತ್ತಾದ್ರೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿರಿ," ಎಂದರು. ಎದುರು ಕುರ್ಚಿಯಲ್ಲಿದ್ದ ಕಂಪನಿಯ ಪ್ರತಿನಿಧಿ ಎದ್ದು ನಿಂತು ಅವಳಿಗೆ ಕುರ್ಚಿ ಎಳೆದುಕೊಟ್ಟ. ಮೂವತ್ತು ದಾಟಿರದ ಮುಖ, ಇಸ್ತ್ರಿಯ ಗೆರೆ ಅಳಿಯದ ತೋಳು. ಈ ಆಸ್ಪತ್ರೆಯಲ್ಲಿ ಅವಳಿಗೆ ಯಾರಾದರೂ ಕುರ್ಚಿ ಎಳೆದುಕೊಟ್ಟದ್ದು ಅದೇ ಮೊದಲು. ಆ ಮರ್ಯಾದೆಗೆ ಮೈ ಒಂದಿಷ್ಟು ಸಡಿಲಾದದ್ದನ್ನು ಗಮನಿಸಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಮೇಡಂ, ನಿಮ್ಮಂಥವರು ಇದ್ದಿದ್ದಕ್ಕೆ ನಮಗೆ ಸತ್ಯ ಗೊತ್ತಾಯ್ತು," ಎಂದ. "ಹೊಸ ವ್ಯವಸ್ಥೆಯಲ್ಲಿ ನಿಮಗೆ ಒಳ್ಳೆ ಜಾಗ ಇದೆ. ಗುಣಮಟ್ಟದ ಮೇಲ್ವಿಚಾರಣೆ. ನೀವು ಬರೀತಾ ಇರಿ, ನಾವು ಓದ್ತೀವಿ."

"ಆಯಾಗಳು?"

"ಅವರನ್ನ ಏಜೆನ್ಸಿ ನೋಡ್ಕೊಳ್ಳುತ್ತೆ. ಅದು ಬೇರೆ ವಿಭಾಗ."

"ನನ್ನ ವಾಕ್ಯದ ಅರ್ಧ ಎಲ್ಲಿ ಹೋಯ್ತು? ವಾರ್ಮರ್ ಕೆಟ್ಟಿತ್ತು ಅಂತ ಬರೆದಿದ್ದೆ."

ಅವನು ಬೇಸರಪಡಲಿಲ್ಲ. "ವರದಿ ಉದ್ದ ಆಗ್ತಿತ್ತು ಮೇಡಂ," ಎಂದ, ನಗುತ್ತ.

ತರಬೇತಿ ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಇಲಾಖೆಯಿಂದ ಬಂದ ಹಿರಿಯ ಅಧಿಕಾರಿ ವೇದಿಕೆಯ ಮೇಲೆ ಗಡಿಯಾರ ನೋಡುತ್ತಿದ್ದರು. ನೌಕರರ ಸಂಘದವನು ಕೂಗಾಡಿದ. ಸಂಘದವನು ಕೂಗಾಡುವುದಕ್ಕೆಂದೇ ಹತ್ತು ನಿಮಿಷ ಇಟ್ಟಿದ್ದರೆಂದು ತೋರಿತು, ಯಾಕೆಂದರೆ ಯಾರೂ ಅವನನ್ನು ತಡೆಯಲಿಲ್ಲ, ಬರೆದುಕೊಳ್ಳಲೂ ಇಲ್ಲ. ಅವಳ ಎರಡೂ ಪಕ್ಕದ ಕುರ್ಚಿ ಖಾಲಿ ಉಳಿದಿದ್ದವು. ಅಷ್ಟು ಜನ ನಿಂತಿದ್ದರೂ ಅಲ್ಲಿ ಕೂರಲು ಯಾರೂ ಬರಲಿಲ್ಲ. ತಿರುಗಿ ನೋಡಿದಳು, ಕೊನೆಯ ಬೆಂಚಿನಲ್ಲಿ ಕಡ್ಡಿಯಮ್ಮ ಕೂತಿದ್ದಳು, ಅವಳ ತೋಳಿಗೊರಗಿ ಎಂಟೊಂಬತ್ತು ವರ್ಷದ ಒಬ್ಬ ಹುಡುಗಿ. ಶಾಲೆಗೆ ರಜೆಯಿರಬೇಕು, ಮೊಮ್ಮಗಳನ್ನು ಕರೆತಂದಿದ್ದಾಳೆ ಅಂದುಕೊಂಡಳು. ಹುಡುಗಿಯ ಕೈ ಕಡ್ಡಿಯಮ್ಮನ ಮಡಿಲಲ್ಲಿತ್ತು, ಮುದುಕಿಯ ಹೆಬ್ಬೆರಳು ಅದನ್ನು ನೀವುತ್ತಲೇ ಇತ್ತು, ಕೂಸುಗಳ ಅಂಗಾಲು ನೀವುವ ಹಾಗೆ. ತನಗೂ ಒಮ್ಮೆ, ಗರ್ಭ ಇಳಿದುಹೋದ ವರ್ಷ, ಈ ಹೆಬ್ಬೆರಳು ಬೆನ್ನು ನೀವಿತ್ತು. ಆಗ ಇಬ್ಬರಿಗೂ ಇನ್ನೂ ತಲೆಗೂದಲು ಕಪ್ಪಿತ್ತು. ಇವತ್ತು ಹೇಳಿಬಿಡಬೇಕು, ಅಂದುಕೊಂಡಳು.

ಕಂಪನಿಯವನು ಕರೆದುಕೊಂಡು ಬಂದಿದ್ದ ಹೆಂಗಸು ಮೈಕಿನ ಮುಂದೆ ನಿಂತಳು. ಬಟ್ಟೆ ಹೊಲಿಯುವವಳು, ಅಳತೆಯ ಟೇಪು ಕೊರಳಲ್ಲೇ ಮರೆತಿತ್ತು. ಮಾತಾಡಿ ಅಭ್ಯಾಸವಿಲ್ಲದವಳು, ಮೈಕನ್ನು ಎರಡು ಸಲ ಮುಟ್ಟಿ ನೋಡಿದಳು.

"ನನಗೆ ಸರ್ಕಾರನೂ ಗೊತ್ತಿಲ್ಲ, ಕಂಪನಿನೂ ಗೊತ್ತಿಲ್ಲ. ನನ್ನ ಮಗಳು ಇಲ್ಲೇ ಹುಟ್ಟಿದ್ದು. ಮೂರು ದಿನದ ಕೂಸು, ಕೈ ಸುಟ್ಟುಬಿಟ್ರು. ಬಿಸಿನೀರಿನ ಚೀಲ ಒಡೀತು, ಯಾರದೂ ತಪ್ಪಿಲ್ಲ ಅಂದ್ರು. ಒಂಬತ್ತು ವರ್ಷ ಅದನ್ನೇ ನಂಬಿದೀನಿ. ಮೊನ್ನೆ ಇವರು ಬಂದು ಈ ಪುಸ್ತಕ ಓದಿ ಹೇಳಿದ ಮೇಲೆ ಗೊತ್ತಾಯ್ತು. ಮಲಗಿದ್ದಳಂತೆ. ಯಾರು ಅಂತ ಹೆಸರಿಲ್ಲ, ಕೇಳಿದ್ರೆ ಯಾರೂ ಹೇಳಲ್ಲ. ಇವತ್ತಿಗೂ ಇಲ್ಲೇ ಇದ್ದಾಳೋ ಏನೋ, ಇನ್ನೊಬ್ಬರ ಕೂಸು ಎತ್ತಿಕೊಂಡು." ಕೊರಳಿನ ಟೇಪನ್ನು ಎಳೆದು ಕೈಗೆ ಸುತ್ತಿಕೊಂಡಳು. "ಮಗಳ ಕೈಗೆ ಆಪರೇಷನ್ ಮಾಡಿಸಿಕೊಡ್ತೀವಿ ಅಂದಿದ್ದಾರೆ ಇವರು. ಯಾರು ಮಾಡಿಸಿದ್ರೆ ಏನು. ಯಾರಾದ್ರೂ ತಗೊಳ್ಳಲಿ ಈ ಆಸ್ಪತ್ರೇನ."

ಜನ ಗುಜುಗುಜು ಎಂದರು. ತಾನು ಎದ್ದು ನಿಂತದ್ದು ಅವಳಿಗೆ ಗೊತ್ತಾದದ್ದು ಮುಂದಿನವರೆಲ್ಲ ತಿರುಗಿ ನೋಡಿದಾಗ. ಸೂಪರಿಂಟೆಂಡೆಂಟರು ಕೈಯಲ್ಲಿ ‘ಕೂತ್ಕೊಳ್ಳಿ’ ಎಂದು ಸನ್ನೆ ಮಾಡುತ್ತಿದ್ದರು. ಆ ಸನ್ನೆಯನ್ನು ಕಂಡು ಅವಳಿಗೆ ಇನ್ನಷ್ಟು ಬಲ ಬಂತು. ಮೈಕಿಲ್ಲದೆಯೇ ಮಾತಾಡಿದಳು, ವಾರ್ಡಿನಲ್ಲಿ ಕೂಗಿ ಕೂಗಿ ಗಟ್ಟಿಯಾದ ಗಂಟಲು.

"ಆ ಪತ್ರ ಬರೆದವಳು ನಾನು. ಬರೆದಿದ್ದು ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ. ಅವರು ಇಪ್ಪತ್ತೈದು ಗಂಟೆಯಿಂದ ಕೆಲಸದಲ್ಲಿದ್ರು. ಮನೆಗೆ ಹೊರಟಿದ್ರು. ಅವರ ಹೆಗಲಿಂದ ಚೀಲ ಇಳಿಸಿ ನಿಲ್ಲಿಸಿದವಳು ನಾನು. ನನ್ನ ಗಂಡನ ಸಮಾರಂಭಕ್ಕೆ ಹೋಗಬೇಕಿತ್ತು, ಅದಕ್ಕೆ. ನಿಂದಿಸಬೇಕಾದ್ರೆ ನನ್ನ ನಿಂದಿಸಿ. ಅಲ್ಲಿ ಕೊನೇ ಬೆಂಚಿನಲ್ಲಿ ಕೂತಿದ್ದಾರಲ್ಲ, ಮೂವತ್ತಾರು ವರ್ಷದಲ್ಲಿ ಸಾವಿರಾರು ಕೂಸು ಎತ್ತಿದ ಕೈ ಅದು. ಅವರದ್ದಲ್ಲ ತಪ್ಪು."

ಕಡ್ಡಿಯಮ್ಮನನ್ನು ಅವಳು ‘ಅವರು’ ಎಂದದ್ದು ಇಷ್ಟು ವರ್ಷದಲ್ಲಿ ಅದೇ ಮೊದಲು. ಆಡುವಾಗಲೇ ಅದು ಅವಳಿಗೆ ಕೇಳಿಸಿ, ಎಷ್ಟು ಚೆಂದ ಅನ್ನಿಸಿತ್ತು. ಕೈ ಚಾಚಿ ತೋರಿಸಿಯೂ ಇದ್ದಳು. ಸಭಾಂಗಣವಿಡೀ ಆ ಕೈ ತೋರಿದ ಕಡೆ ತಿರುಗಿತು. ಕಂಪನಿಯವನು ಮಾತ್ರ ತಿರುಗಲಿಲ್ಲ; ಪಕ್ಕದವನಿಗೆ, "ಬರ್ಕೊಳ್ಳಿ. ಇಪ್ಪತ್ತೈದು ಗಂಟೆ, ಒಬ್ಬರೇ ಆಯಾ. ಇದು ನಮ್ಮ ವಾದಕ್ಕೇ ಬಲ," ಎಂದು ಹೇಳುತ್ತಿದ್ದ. ಅವಳ ಬಾಯಿಂದ ಏನು ಬಿದ್ದರೂ ಹೆಕ್ಕಿಕೊಳ್ಳಲು ಅವನ ಬಳಿ ಒಂದು ಬುಟ್ಟಿಯಿತ್ತು. ಅದಕ್ಕೆ ಸಿಟ್ಟಾಗುವ ಮೊದಲೇ ಅವಳು ಆ ತಾಯಿಯನ್ನು ನೋಡಿದಳು. ತಾಯಿ ಮೈಕಿನ ಪಕ್ಕದಲ್ಲೇ ನಿಂತು ಕೊನೆಯ ಬೆಂಚನ್ನು ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ತಮ್ಮ ಮನೆಯೆಂದು ಒಳಗೆ ಬಂದು, ಬೇರೆ ಯಾರದೋ ಮನೆ ಎಂದು ತಿಳಿದವರ ಮುಖ ಅದು.

"ಪುಟ್ಟೀ, ಬಾ ಇಲ್ಲಿ."

ಹುಡುಗಿ ತಲೆಯೆತ್ತಿದಳು. ಕಡ್ಡಿಯಮ್ಮನ ಮುಖ ನೋಡಿದಳು. ಅವಳಿಗೆ ಏನೂ ಅರ್ಥವಾಗಿರಲಿಲ್ಲ.

"ಬಾ ಅಂದೆ."

ಹುಡುಗಿ ಎದ್ದಳು. ಮಡಿಲಿಂದ ಕೈ ತೆಗೆದಾಗ ಅದು ಕಾಣಿಸಿತು: ಮಿರುಗುವ ಚರ್ಮ, ಒಳಕ್ಕೆ ಸೆಳೆದುಕೊಂಡ ಮೂರು ಬೆರಳು. ಬೆಂಚುಗಳ ನಡುವೆ ತಾಯಿಯ ಕಡೆಗೆ ನಡೆಯುತ್ತ ಎರಡು ಸಲ ಹಿಂದೆ ತಿರುಗಿ, "ಅಜ್ಜಿ ಬರಲ್ವಾ?" ಎಂದು ಕೇಳಿದಳು. ಕಡ್ಡಿಯಮ್ಮ ಕೂತಲ್ಲೇ ಕೂತಿದ್ದಳು. ಮಡಿಲು ಖಾಲಿಯಾಗಿತ್ತು, ಹೆಬ್ಬೆರಳು ಇನ್ನೂ ನೀವುತ್ತಿತ್ತು.

ಆಮೇಲೆ ಅಧಿಕಾರಿ ಏನು ಹೇಳಿದರು, ಸಭೆ ಹೇಗೆ ಮುಗಿಯಿತು, ಅವಳಿಗೆ ತಿಳಿಯದು. ಆಸ್ಪತ್ರೆಯನ್ನು ವಹಿಸಿಕೊಡುವ ಆದೇಶಕ್ಕೆ ಹನ್ನೊಂದು ದಿನದ ಹಿಂದೆಯೇ ರುಜುವಾಗಿತ್ತೆಂದು, ಈ ಸಭೆ ಶಾಸ್ತ್ರಕ್ಕೆ ಮಾಡಿದ್ದೆಂದು ಆಮೇಲೆ ಗೊತ್ತಾಯಿತು. ಗೊತ್ತಾದಾಗ ಆಶ್ಚರ್ಯವೂ ಆಗಲಿಲ್ಲ. ವಾರ್ಡಿಗೆ ಬಂದು ಕೂಸುಗಳ ಮೈಬಿಸಿ ನೋಡಿ ಬರೆದಳು, ಬರೆದದ್ದನ್ನೇ ಮತ್ತೆ ನೋಡಿದಳು. ಎಲ್ಲ ಕೂಸುಗಳೂ ಬೆಚ್ಚಗಿದ್ದವು. ವಾರ್ಮರ್ ಬಂದು ಐದು ವರ್ಷವಾಗಿತ್ತು, ಇನ್ನೊಂದು ಆಸ್ಪತ್ರೆ ಬೇಡವೆಂದು ಬಿಟ್ಟದ್ದು. ಒಂದು ಗಂಟೆಯ ನಂತರ ಕಡ್ಡಿಯಮ್ಮ ಬಂದಳು. ಮುಖ ತೊಳೆದುಕೊಂಡಿದ್ದಳು, ಕಿವಿಯ ಹತ್ತಿರ ನೀರು ಆರಿರಲಿಲ್ಲ. "ಪಾಳಿ ಮುಗಿಯೋಕೆ ಇನ್ನೂ ಎರಡು ಗಂಟೆ ಇದೆ," ಎಂದು ಬಟ್ಟೆಯ ರಾಶಿಗೆ ಕೈ ಹಾಕಿದಳು. ಅವಳು ಕಡ್ಡಿಯಮ್ಮನ ಹತ್ತಿರ ಹೋಗಿ ನಿಂತಳು. ಏನೋ ಹೇಳಲು ಬಾಯಿ ತೆರೆದಳು.

"ಹಗುರ ಆಯ್ತಾ ಸಿಸ್ಟರ್?" ಎಂದಳು ಕಡ್ಡಿಯಮ್ಮ.

ಅವಳು ರಾಶಿಯಿಂದ ತಾನೂ ಒಂದು ಬಟ್ಟೆ ಎತ್ತಿಕೊಂಡಳು.

"ಒಂಬತ್ತು ವರ್ಷ. ದಿನಾ ಪಾಳಿ ಮುಗಿಸಿ ಆ ಕೂಸಿನ ಮನೆಗೆ ಹೋಗ್ತಿದ್ದೆ. ಕೈ ಹಿಡಿದು ಎಣ್ಣೆ ಹಚ್ಚಿ ಬೆರಳು ಬಿಡಿಸದಿದ್ರೆ ಮುಷ್ಟಿ ಹಂಗೇ ಕಟ್ಟಿಕೊಂಡುಬಿಡುತ್ತೆ. ಡಾಕ್ಟ್ರು ನನ್ನ ಮುಂದೇನೇ ಹೇಳಿದ್ರು. ಆ ತಾಯಿ ಒಂದಿನ ಕೇಳಿದ್ಲು, ನಿಮಗ್ಯಾಕೆ ಇಷ್ಟು ಅಕ್ಕರೆ ಅಂತ. ಆಸ್ಪತ್ರೆಯಿಂದ ಕಳಿಸ್ತಾರೆ ಅಂದೆ." ಒಂದು ಬಟ್ಟೆ ಕೊಡವಿ ಮಡಚಿದಳು. "ಆಸ್ಪತ್ರೇನ ಅವಳು ಬೈತಿದ್ಲು, ಆದ್ರೆ ದಿನಾ ಕಳಿಸ್ತಾರಲ್ಲ ಪಾಪ ಅಂತಾನೂ ಅಂತಿದ್ಲು."

"ನನಗೆ ಗೊತ್ತಿರಲಿಲ್ಲ. ಅದು ನಿನ್ನ ಮೊಮ್ಮಗಳು ಅಂದ್ಕೊಂಡೆ."

"ಗೊತ್ತಿದ್ರೂ ಹೇಳ್ತಿದ್ರಿ. ನಿಮಗೆ ಹೇಳಬೇಕಿತ್ತು." ದನಿ ಏರಲಿಲ್ಲ. "ನನಗೂ ಹೇಳೋದಿತ್ತು. ಅವಳಿಗೆ, ಅವಳ ಮನೇಲಿ, ಹುಡುಗಿ ಸ್ವಲ್ಪ ದೊಡ್ಡವಳಾದ ಮೇಲೆ. ನನ್ನ ಬಾಯಲ್ಲಿ. ಅದನ್ನೂ ನೀವೇ ಹೇಳಿಬಿಟ್ರಿ. ಅದೂ ಅವರು, ಇವರು ಅಂತ ಮರ್ಯಾದೆ ಕೊಟ್ಟು."

ಪಾಳಿ ಮುಗಿದಾಗ ಕಡ್ಡಿಯಮ್ಮ ತನ್ನ ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. "ಬೆಚ್ಚಗೆ ಮಾಡಿ ಹಚ್ಚಬೇಕು. ಬಾಗಿಲಿಗೆ ಹೋದ್ರೆ ಅವಳು ನನ್ನ ಮುಖ ನೋಡಲ್ಲ. ನೀವು ಹೋಗಿ." ಅಷ್ಟೇ. ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಇಲ್ಲ. ತಿಂಗಳ ಮೊದಲ ದಿನ ಏಜೆನ್ಸಿಯವರು ಆಯಾಗಳನ್ನು ಅಂಗಳದಲ್ಲಿ ಸಾಲು ನಿಲ್ಲಿಸಿ ಫೋಟೋ ಹಿಡಿದು ಹೊಸ ಬಟ್ಟೆ ಕೊಟ್ಟಾಗ ಸಾಲಿನಲ್ಲಿ ಹತ್ತು ಜನ ಇದ್ದರು. ಯಾರೂ ಕೇಳಲಿಲ್ಲ, ಹನ್ನೊಂದನೆಯವಳು ಯಾರೆಂದು ಏಜೆನ್ಸಿಗೆ ಗೊತ್ತೇ ಇರಲಿಲ್ಲ. ಬಾಟಲಿ ಅವಳ ಮೇಜಿನ ಮೇಲೆ ಎಂಟು ದಿನ ಇತ್ತು. ಪ್ರತಿ ಸಂಜೆ ಅದನ್ನು ಚೀಲಕ್ಕೆ ಹಾಕಿಕೊಳ್ಳುವಳು, ಗೇಟಿನವರೆಗೆ ಹೋಗುವಳು, ತಿರುಗಿ ಬಂದು ಇಡುವಳು. ಗಂಡ ಒಂದು ರಾಜೀನಾಮೆ ಪತ್ರದ ಕರಡು ಮಾಡಿಕೊಡುತ್ತೇನೆ ಎಂದ, ಬಹಳ ಗಂಭೀರವಾಗಿ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನ ಮೇಲೆ ಕಿರುಚಿದಳು, ಅವನು ಪೆನ್ಸಿಲ್ ಕೆಳಗಿಟ್ಟು ಪಾಪದವನಂತೆ ನೋಡಿದ. ಒಂಬತ್ತನೆಯ ಸಂಜೆ ಹೋದಳು. ಹೋಗುವ ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದಳು. ಬಾಗಿಲು ತೆರೆದಾಗ ಒಂದೂ ಉಳಿದಿರಲಿಲ್ಲ.

ಒಂದೇ ಕೋಣೆ. ಬೀದಿಯ ಕಡೆಗೆ ಹೊಲಿಗೆ ಯಂತ್ರ, ಅದರ ಸುತ್ತ ಅರ್ಧ ಹೊಲಿದ ತೋಳುಗಳು. ತಾಯಿ ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮನ್ನೂ ಆಸ್ಪತ್ರೆಯಿಂದ ಕಳಿಸಿದ್ರಾ?"

"ಇಲ್ಲ. ನಾನೇ ಬಂದೆ. ಕಡ್ಡಿಯಮ್ಮ ಎಣ್ಣೆ ಕೊಟ್ಟಿದ್ದಾಳೆ."

ತಾಯಿ ಬಾಟಲಿ ತೆಗೆದುಕೊಳ್ಳಲಿಲ್ಲ. ಬಾಗಿಲನ್ನೂ ಮುಚ್ಚಲಿಲ್ಲ. ಒಳಗೆ ಹುಡುಗಿ ನೆಲದ ಮೇಲೆ ಕೂತು ಎಡಗೈಯಲ್ಲಿ ಏನೋ ಬರೆಯುತ್ತಿದ್ದಳು. ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು, ಒಂಬತ್ತು ದಿನಕ್ಕೇ ಬೆರಳುಗಳು ಇನ್ನಷ್ಟು ಒಳಕ್ಕೆ ಸೇರಿದ್ದವು. "ಆ ಕಂಪನಿಯವನಿಗೆ ನಾಲ್ಕು ಸಲ ಫೋನ್ ಮಾಡಿದೆ," ಎಂದಳು ತಾಯಿ, ಅವಳಿಗೆ ಹೇಳಿದಂತಲ್ಲ. "ಹಳೇ ಗಾಯ ಅವರಿಗೆ ಬರಲ್ವಂತೆ. ಬೇರೆ ವಿಭಾಗಕ್ಕೆ ಬರೆದು ಕೊಡಬೇಕಂತೆ. ನಾನು ಎಲ್ಲಿಂದ ಬರೀಲಿ." ಪಕ್ಕಕ್ಕೆ ಸರಿದಳು. "ಮಗಳ ಕೈಗೋಸ್ಕರ ಒಳಗೆ ಬಿಡ್ತಿದೀನಿ. ನಿಮಗೋಸ್ಕರ ಅಲ್ಲ. ಹಚ್ಚಿ ಹೊರಡಿ."

ಅವಳು ಹುಡುಗಿಯ ಎದುರು ನೆಲದ ಮೇಲೆ ಕೂತಳು. ಮಂಡಿ ನೋಯಿತು. ಮೂವತ್ನಾಲ್ಕು ವರ್ಷ ಕೂಸುಗಳ ಕೈ ಹಿಡಿದವಳು, ಈ ಒಂದು ಕೈ ಹಿಡಿಯುವ ಮೊದಲು ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡಳು. ಎಣ್ಣೆ ಹಾಕಿ ಮೊದಲ ಬೆರಳನ್ನು ಬಿಡಿಸಲು ಹೋದಳು. ಹುಡುಗಿ ಉಸಿರೆಳೆದು ಕೈ ಹಿಂದಕ್ಕೆಳೆದುಕೊಂಡಳು.

"ಅಜ್ಜಿ ಹೀಗೆ ಮಾಡಲ್ಲ."

"ಹೇಗೆ ಮಾಡ್ತಾರೆ?"

"ಮೊದಲು ಸುಮ್ನೆ ಹಿಡ್ಕೋತಾರೆ. ಬೆಚ್ಚಗಾಗೋ ತನಕ."

ಹುಡುಗಿ ಕೈಯನ್ನು ಮತ್ತೆ ಮುಂದಕ್ಕೆ ಕೊಟ್ಟಳು. ಅವಳು ಎರಡೂ ಅಂಗೈಗಳ ನಡುವೆ ಅದನ್ನು ಹಿಡಿದುಕೊಂಡಳು. ಚರ್ಮ ನುಣುಪಾಗಿತ್ತು, ತಣ್ಣಗಿತ್ತು. ತಾಯಿ ಯಂತ್ರದ ಹತ್ತಿರ ಹೋಗದೆ ಗೋಡೆಗೊರಗಿ ಇಬ್ಬರನ್ನೂ ನೋಡುತ್ತಿದ್ದಳು.

"ಅವಳಿಗೆ ಹೇಳಿ," ಎಂದಳು ಕೊನೆಗೆ. ದನಿ ಒರಟಾಗಿತ್ತು. "ಮುಖ ತಪ್ಪಿಸ್ಕೊಂಡು ಕೂತ್ರೆ ಆಗಲ್ಲ ಅಂತ ಹೇಳಿ. ಬೈಸಿಕೊಳ್ಳೋಕಾದ್ರೂ ಬರಲಿ."

"ಹೇಳ್ತೀನಿ," ಎಂದು ಅವಳು ಬೆರಳನ್ನು ಬಿಡಿಸಲು ತನ್ನ ಹೆಬ್ಬೆರಳನ್ನು ಮೆಲ್ಲಗೆ ಸರಿಸಿದಳು.

"ಇನ್ನೂ ಆಗಿಲ್ಲ," ಎಂದಳು ಹುಡುಗಿ.